ಅಕ್ಕನ ಬಿದಿಗೆಯಂದು ಹೇಳಿದ ಸುಳ್ಳು

ಭಾಲ್ಕಿಯಲ್ಲಿ ನನ್ನದೊಂದು ಮಕ್ಕಳ ರೆಡಿಮೇಡ್ ಬಟ್ಟೆಯ ಅಂಗಡಿ ಇದೆ. ದೀಪಾವಳಿ ಎಂದರೆ ನಮಗೆ ಸುಗ್ಗಿ. ಆ ವಾರ ಮನೆಯಲ್ಲಿ ಕುಳಿತು ಉಂಡ ನೆನಪು ನನಗಿಲ್ಲ. ಮಕ್ಕಳು ಪಟಾಕಿ ಹಚ್ಚುವುದನ್ನು ಹೆಂಡತಿ ಫೋನಿನಲ್ಲಿ ತೋರಿಸುತ್ತಾಳೆ. ಗಿರಾಕಿಗಳ ನಡುವೆ ನಿಂತು ನೋಡುತ್ತೇನೆ. ಆದರೆ ಪಾಡ್ಯದ ಮರುದಿನ, ಅಕ್ಕನ ಬಿದಿಗೆಯಂದು, ಅಂಗಡಿ ಮುಚ್ಚಿ ಔರಾದಿಗೆ ಅಕ್ಕನ ಮನೆಗೆ ಹೋಗುವುದನ್ನು ಮಾತ್ರ ತಪ್ಪಿಸಿರಲಿಲ್ಲ. ನನಗೆ ಆರತಿ ಬೆಳಗುವ ತನಕ ಅವಳು ಅಂದು ಏನೂ ತಿನ್ನುವುದಿಲ್ಲ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ಶಾಲೆ ಬಿಟ್ಟು ನನ್ನನ್ನು ಬೆಳೆಸಿದವಳು ಅವಳೇ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಬಿದಿಗೆಯ ಬೆಳಿಗ್ಗೆ ಹೆಂಡತಿ ಮಕ್ಕಳು ಬೀದರಿನ ಮೈಲೂರಿನಲ್ಲಿರುವ ಅವಳ ಅಣ್ಣನ ಮನೆಗೆ ಹೋದರು. ಅಕ್ಕನ ಮೊಮ್ಮಗಳಿಗೆಂದು ಎತ್ತಿಟ್ಟ ಫ್ರಾಕು ತೆಗೆದುಕೊಂಡು ಬಸ್ಸು ಹಿಡಿಯೋಣವೆಂದು ನಾನು ಅಂಗಡಿಯ ಶಟರ್ ಅರ್ಧ ಎತ್ತಿದೆ. ಅಷ್ಟರಲ್ಲೇ ಕಮಲನಗರದಿಂದ ಬಂದ ಗಂಡ ಹೆಂಡತಿಯಿಬ್ಬರು ಒಳಗೆ ಬಗ್ಗಿದರು.

"ಸಾಹುಕಾರ್ರೇ, ಕೂಸಿನ ಹೆಸರಿಡೋದು ಅದರಿ. ಎಲ್ಲಾ ದುಕಾನ ಬಂದ್ ಅವ. ಒಂದ್ ಜೋಡಿ ಕೊಟ್ಟುಬಿಡ್ರಿ."

ಅವರಿಗೆ ಕೊಡುತ್ತಿರುವಾಗ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತಿಬ್ಬರು. ಮಗ್ಗುಲ ಅಂಗಡಿಗಳೆಲ್ಲ ಮುಚ್ಚಿದ್ದರಿಂದ ಬಂದವರೆಲ್ಲ ನನ್ನಲ್ಲಿಗೇ ಬಂದರು. ಇದೊಂದು ಬಸ್ಸು ಬಿಡೋಣ, ಮುಂದಿನದಕ್ಕೆ ಹೋದರಾಯಿತು ಅಂದುಕೊಂಡೆ. ಶಟರ್ ಪೂರ್ತಿ ಎತ್ತಿದೆ. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನನಗೆ ಖುಷಿಯೇ ಆಗಿತ್ತು.

ಹನ್ನೊಂದಕ್ಕೆ ಅಕ್ಕನ ಫೋನು ಬಂತು. ನಾನು ಹಿಂದೆ ಖಾಲಿ ಡಬ್ಬಿಗಳನ್ನು ಒಟ್ಟಿದ್ದ ಮೂಲೆಗೆ ಹೋದೆ.

"ಎಲ್ಲಿದ್ದಿ ತಮ್ಮಾ? ಬಸ್ಸು ಸಿಗಲಿಲ್ಲೇನು?"

"ಅಕ್ಕಾ, ಮುಂಜಾನಿಂದ ಭಾಳ ಜ್ವರ ಬಂದಾವ. ಏಳ್ಲಾಕ ಆಗವಲ್ದು."

"ಮನ್ಯಾಗ ಯಾರದಾರ?"

"ಯಾರೂ ಇಲ್ಲ. ಅವರು ಮೈಲೂರಿಗಿ ಹೋಗ್ಯಾರ. ನೀ ಉಂಡುಬಿಡು ಅಕ್ಕಾ, ನನ್ನ ಹಾದಿ ನೋಡಬ್ಯಾಡ."

ಅವಳು ಫೋನು ಇಟ್ಟಳು. ನಮ್ಮ ಅವ್ವ ಹೋದದ್ದು ಮೂರು ದಿನದ ಜ್ವರದಲ್ಲಿ. ಕಾಲು ನೋವು ಎನ್ನಬಹುದಿತ್ತು, ಬಸ್ಸು ಕೆಟ್ಟಿತು ಎನ್ನಬಹುದಿತ್ತು. ನನ್ನ ಬಾಯಿಗೆ ಬಂದದ್ದು ಜ್ವರವೇ.

ಮೂರು ಗಂಟೆಯ ಸುಮಾರಿಗೆ ತಲೆಯೆತ್ತಿದರೆ, ಗಿರಾಕಿಗಳ ಹಿಂದೆ, ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಬೆವರಿಗೆ ಕುಂಕುಮ ಇಳಿದಿತ್ತು. ಮನೆಗೆ ಬೀಗ ಬಿದ್ದದ್ದು ನೋಡಿ ಗಾಬರಿಯಾಗಿ ಪಕ್ಕದ ಮನೆಯವರನ್ನು ಕೇಳಿದಳಂತೆ, ಅಂಗಡಿಯಲ್ಲಿದ್ದಾರೆ ಎಂದರಂತೆ. ನನ್ನ ಕೈಯಲ್ಲಿ ಮಡಿಕೆ ಬಿಚ್ಚಿದ ಷರಟು ಹಾಗೇ ಉಳಿಯಿತು.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಅವಳಿಗೆ ಜಾಗ ಬಿಟ್ಟು, "ಬರ್ರಿ ಅಕ್ಕಾ, ಪಾಪ ಸಾಹುಕಾರ್ರು ಮುಂಜಾನಿಂದ ಒಬ್ಬರೇ ನಿಂತಾರ" ಎಂದಳು.

ಅಕ್ಕ ಒಳಗೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು, ಎಲ್ಲರ ಎದುರಿಗೆ. ಆಮೇಲೆ ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಹರಡಿ ಬಿದ್ದ ಬಟ್ಟೆ ಮಡಚತೊಡಗಿದಳು. ಗಿರಾಕಿಗಳು ಕರಗುವವರೆಗೆ ಒಂದು ತಾಸು ಮಡಚಿದಳು.

ಎಲ್ಲರೂ ಹೋದ ಮೇಲೆ ಚೀಲದಿಂದ ತಾಟು, ಬತ್ತಿ, ಎಣ್ಣೆಯ ಸಣ್ಣ ಶೀಶೆ ತೆಗೆದು ಅಲ್ಲಿಯೇ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಬೆಳಗಿದಳು. ನಂತರ ಸ್ಟೀಲಿನ ಡಬ್ಬಿ ತೆರೆದಳು. ಜ್ವರದವನಿಗೆಂದು ಮಾಡಿದ ನುಚ್ಚಿನ ಗಂಜಿ, ಶುಂಠಿ ಹಾಕಿದ ಬೇಳೆಕಟ್ಟು. "ಉಣ್ಣು" ಎಂದಳು. ಗಟ್ಟಿಮುಟ್ಟಾಗಿದ್ದ ನಾನು ತಲೆ ತಗ್ಗಿಸಿ ಅದನ್ನುಂಡೆ. ಉಳಿದದ್ದನ್ನು ಅವಳು ಉಂಡಳು. ಅದು ಅವಳ ಹಬ್ಬದೂಟ. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವಳು ಮಕ್ಕಳ ಪರೀಕ್ಷೆಯ ಬಗ್ಗೆಯೇ ಕೇಳಿದಳು.

ಸಂಜೆ ಮರಳಿ ಬಂದ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ನಾಳೆ ದುಕಾನ ತೆಗೀಬ್ಯಾಡ್ರಿ" ಎಂದಷ್ಟೇ ಹೇಳಿದಳು.

ಮರುದಿನ ಎಲ್ಲರೂ ಔರಾದಿಗೆ ಹೋದೆವು. ಅಕ್ಕ ಹಿತ್ತಲಲ್ಲಿ ಬೇಸಿಗೆಯಲ್ಲಿ ಎತ್ತಿಟ್ಟ ಹುಣಸೆಹಣ್ಣು ಜಜ್ಜುತ್ತಿದ್ದಳು. ಪಕ್ಕದಲ್ಲಿ ಕುಳಿತು, "ಅಕ್ಕಾ, ನಾ ಸುಳ್ಳು ಹೇಳಿದೆ" ಎಂದೆ.

"ನಿನ್ನಿನೇ ಗೊತ್ತಾಯ್ತಲ್ಲೋ. ದಂಧೆ ಮಾಡೋರಿಗಿ ಹಬ್ಬ ಎಲ್ಲಿಂದು, ನಂಗ ತಿಳಿಯಂಗಿಲ್ಲೇನು? ಗಿರಾಕಿ ಅದಾರ ಅಂದಿದ್ರ ನಾನೇ ಬುತ್ತಿ ಕಟ್ಕೊಂಡು ನಗ್ತಾ ಬರ್ತಿದ್ದೆ."

ಬೀಜ ತೆಗೆಯುತ್ತ ಮತ್ತೆ ಹೇಳಿದಳು: "ಆದ್ರ ಬಸ್ಸಿನ್ಯಾಗ ಅವ್ವನ ಮಾರಿ ಕಣ್ಣಮುಂದಿಂದ ಸರೀಲಿಲ್ಲ ತಮ್ಮಾ. ಆ ಹೊತ್ತು ನಾ ಹ್ಯಾಂಗ ಕುಂತಿದ್ನೋ ನಿಂಗ ಗೊತ್ತಿಲ್ಲ."

ನಾನು ಚದುರಿದ ಬೀಜಗಳನ್ನು ಆಯತೊಡಗಿದೆ. ಅವಳು ಎದ್ದು ಚಹಾಕ್ಕಿಟ್ಟಳು.

ಅಂದಿನಿಂದ ಅಕ್ಕನ ಬಿದಿಗೆಯಂದು ಮೊದಲ ಬಸ್ಸಿಗೇ ಹೋಗುತ್ತೇನೆ. ಮಕ್ಕಳೂ ಅದನ್ನೇ ರೂಢಿ ಅಂದುಕೊಂಡಿದ್ದಾರೆ. ಅಪ್ಪ ಎಷ್ಟು ಒಳ್ಳೆಯ ತಮ್ಮ ಎಂದು ಕಳೆದ ವರ್ಷ ಮಗಳು ಗೆಳತಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ತಿದ್ದಬೇಕೆಂದು ಬಾಗಿಲ ತನಕ ಹೋದೆ. ಹೋದವನು ಸುಮ್ಮನೆ ಹಿಂದಿರುಗಿದೆ.