ಕಪಾಳದೇಟಿನಿಂದ ಕಲಿತ ಗಾಳ

ನಮ್ಮ ಸೀಮೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಶಿರಸಿಗೆ ಒಬ್ಬ ಸಾಹೇಬರು ವರ್ಗವಾಗಿ ಬಂದರು. ಅವರ ಜೀಪು ನಡೆಸುತ್ತಿದ್ದವನು ನನ್ನಣ್ಣ. ನಾನು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೆ.

ಸಾಹೇಬರಿಗೆ ಗುಡ್ನಾಪುರದ ಕೆರೆಯಲ್ಲಿ ಮೀನು ಹಿಡಿಯುವ ಹುಚ್ಚು. ಎರೆಹುಳ ಮುಟ್ಟುವವರಲ್ಲ. ಗಾಳಕ್ಕೆ ಹಕ್ಕಿಯ ಪುಕ್ಕ ಸುತ್ತಿ, ಹಾರುವ ಹುಳದಂತೆ ಮಾಡಿ, ಬಳುಕುವ ಕೋಲಿನಿಂದ ನೀರ ಮೇಲೆ ಬೀಸುತ್ತಿದ್ದರು.

ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ತೊಡೆ ಗಾತ್ರದ ಅವಲು ಮೀನೊಂದು ಪುಕ್ಕದ ಹಿಂದೆಯೇ ಬರುತ್ತಿತ್ತು. ಏರಿಯ ಮೇಲೆ ಕೂತಿದ್ದ ಅಣ್ಣ ನೋಡಲೆಂದು ಎದ್ದು ನಿಂತ. ಅವನ ನೆರಳು ಬಿದ್ದದ್ದೇ ಮೀನು ಮುಳುಗಿತು. ಸಾಹೇಬರು ಕೋಲನ್ನು ಎಡಗೈಗೆ ಬದಲಿಸಿಕೊಂಡು ನಿಧಾನಕ್ಕೆ ನಡೆದು ಬಂದು, ಊರವರೆದುರು ಅಣ್ಣನ ಕಪಾಳಕ್ಕೆ ಹೊಡೆದರು.

"ತಪ್ಪಾತ್ರಿ ಸಾಹೇಬ್ರ," ಎಂದ ಅಣ್ಣ. ಎರಡು ಮಕ್ಕಳ ತಂದೆ ಅವನು.

ಸಿಟ್ಟಿನಲ್ಲಿ ಹೊಡೆದಿದ್ದರೆ ಮರೆಯುತ್ತಿದ್ದೆನೇನೋ. ಕೈ ಬದಲಿಸಿಕೊಂಡ ಆ ಸಾವಧಾನವನ್ನು ಮರೆಯಲಾಗಲಿಲ್ಲ. ಆ ಮೀನು ನನಗೆ ಸಿಗಬೇಕು, ಅವರ ವಿದ್ಯೆಯಿಂದಲೇ, ಅವರ ಕಣ್ಣೆದುರೇ ಎಂದು ಅಂದೇ ನಿಶ್ಚಯಿಸಿದೆ.

ಜೊಂಡಿಗೆ ಸಿಕ್ಕಿ ಹರಿದುಹೋಗಿದ್ದ ಅವರ ಒಂದು ಪುಕ್ಕದ ಗಾಳ ನನಗೆ ಸಿಕ್ಕಿತ್ತು. ಅಂಗಡಿಯಲ್ಲಿ ಅದನ್ನು ಎಳೆ ಎಳೆಯಾಗಿ ಬಿಚ್ಚಿ ನೋಡಿದೆ. ಹುಂಜದ ಕೊರಳ ಪುಕ್ಕ, ರೇಷ್ಮೆ ನೂಲು. ಸೂಜಿ ಹಿಡಿದ ಕೈಗೆ ಕಷ್ಟವೇನಲ್ಲ. ಕಷ್ಟವಿದ್ದದ್ದು ಬೀಸುವುದರಲ್ಲಿ. ದಾರ ಹೆಣೆದು ಮೇಣ ತಿಕ್ಕಿ, ಬಿದಿರಿನ ಕೋಲಿಗೆ ಕಟ್ಟಿ ಬೀಸಿದರೆ ಗಾಳ ನನ್ನ ಅಂಗಿಗೇ ಸಿಕ್ಕುತ್ತಿತ್ತು. ಒಮ್ಮೆ ಕಿವಿಯನ್ನೇ ಹರಿಯಿತು. ಸಾಹೇಬರನ್ನು ವರ್ಷವಿಡೀ ನೋಡಿದ್ದ ಗುಡ್ನಾಪುರದ ಮುದುಕ ಬೆಸ್ತನೊಬ್ಬ ಕೊನೆಗೆ ಹೇಳಿಕೊಟ್ಟ:

"ಅವಸರ ಮಾಡಬ್ಯಾಡ್ರಿ. ದಾರ ಹಿಂದಕ್ಕ ಪೂರಾ ಹೋಗ್ಲಿ, ಆಮ್ಯಾಲ ಮುಂದಕ್ಕ ಒಗೀರಿ."

ಮಳೆಗಾಲ ಕಳೆಯಿತು, ಚಳಿಗಾಲವೂ. ಕೈ ಸೋತಾಗಲೆಲ್ಲ ಆ ಏಟಿನ ಸದ್ದು ನೆನೆಸಿಕೊಳ್ಳುತ್ತಿದ್ದೆ.

ಬೇಸಿಗೆಯ ಒಂದು ಭಾನುವಾರ ಸಾಹೇಬರು ಬೀಸುತ್ತಿದ್ದಲ್ಲಿಂದ ಇಪ್ಪತ್ತು ಮಾರು ದೂರ ನಿಂತೆ. ನಾಲ್ಕನೆಯ ಬೀಸಿಗೆ ನೀರು ಒಡೆದು ಅವಲು ಪುಕ್ಕವನ್ನು ಕಚ್ಚಿತು. ಸೊಂಟದವರೆಗೆ ಕೆಸರಿಗಿಳಿದು ದಡಕ್ಕೆ ಎಳೆದೆ. ಅದೇ ಮೀನೋ ಬೇರೆಯೋ, ದೇವರೇ ಬಲ್ಲ. ಎತ್ತಿ ಅವರ ಮುಂದೆ ಹಿಡಿದೆ.

"ಯಾರು ಕಲಿಸಿದರು?" ಎಂದರು.

"ನೀವೇರಿ. ನನ್ನಣ್ಣಗ ಹೊಡೆದ ದಿನ."

ಅವರ ಮುಖ ಕಪ್ಪಿಟ್ಟಿತು. ಊರವರು ಸುಮ್ಮನೆ ನಿಂತು ನೋಡುತ್ತಿದ್ದರು, ಅಂದು ಅಣ್ಣನನ್ನು ನೋಡಿದಂತೆಯೇ. ನನಗೆ ಬೇಕಾಗಿದ್ದದ್ದೂ ಅದೇ.

ಅಣ್ಣನಿಗೆ ಮಾತ್ರ ಅದು ಬೇಕಿರಲಿಲ್ಲ. ಮನೆಯಲ್ಲಿ ನಮ್ಮದು ಉರ್ದು; ಸಿಟ್ಟು ನೆತ್ತಿಗೇರಿದರೆ ಅವನು ಕನ್ನಡಕ್ಕೆ ಬರುತ್ತಿದ್ದ. "ಹೊಡಿಸಿಕೊಂಡವ ನಾನು. ನಡುವೆ ಬಾ ಅಂತ ನಿನಗ್ಯಾರು ಹೇಳಿದ್ರು?" ಎಂದವನು ಊಟಕ್ಕೆ ಕೂರಲಿಲ್ಲ. ಅತ್ತಿಗೆ ಮಾತ್ರ ಆ ಮೀನನ್ನು ಎರಡೆರಡು ಸಲ ಬಡಿಸಿಕೊಂಡು ತಿಂದಳು.

ತಿಂಗಳೊಳಗೆ ಸಾಹೇಬರು ಅಣ್ಣನನ್ನು ಯಲ್ಲಾಪುರಕ್ಕೆ ಎತ್ತಂಗಡಿ ಮಾಡಿಸಿದರು. ಎರಡು ವರ್ಷ ಅವನು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅದಕ್ಕೆ ಇವತ್ತಿಗೂ ನೋವಿದೆ. ಸಾಹೇಬರ ಮುಖ ಕಪ್ಪಿಟ್ಟದ್ದಕ್ಕೆ ಇಲ್ಲ.