ಶುಕ್ರವಾರ ಕರೆದ ಸಭೆ

ಅಣ್ಣ ಸೋಲಲಿ ಎಂದು ನಮ್ಮ ಫ್ಲಾಟಿನವರೆಲ್ಲ ಬಾಯಿಬಿಟ್ಟೇ ಹಾರೈಸಿದ್ದೆವು, ಅದೂ ಅವರ ಎದುರಿಗೇ. ಅವರು ನಗುತ್ತ ಸೂಟ್‌ಕೇಸಿಗೆ ಹಗ್ಗ ಬಿಗಿಯುತ್ತಿದ್ದರು.

"ನೀವು ಗೆದ್ದರೆ ನಮಗೆ ಮೀನು ಗಸಿ ಮಾಡಿ ಹಾಕುವುದು ಯಾರು?" ಎಂದು ನಾನು ಕೇಳಿದೆ.

"ಎಂತ ಮಾರಾಯ, ನಾನು ಸೋಲುವುದಕ್ಕೆ ಹೋಗುವುದಾ?" ಎಂದರು.

ಅಣ್ಣ ಎಂದರೆ ನನ್ನ ಒಡಹುಟ್ಟಿದವರಲ್ಲ. ದುಬೈಯ ದೇರಾದ ಮೀನು ಮಾರುಕಟ್ಟೆಗೆ ನಡೆದೇ ಹೋಗಬಹುದಾದ ಒಂದು ಹಳೆಯ ಕಟ್ಟಡದಲ್ಲಿ ಕರಾವಳಿಯ ನಾವೊಂದಿಷ್ಟು ಗಂಡಸರು ಫ್ಲಾಟು ಹಂಚಿಕೊಂಡಿದ್ದೆವು. ಅವರು ನನ್ನ ಊರಿನವರು, ನಮ್ಮೆಲ್ಲರಿಗಿಂತ ಹಿರಿಯರು, ಒಂದು ಗೋದಾಮಿನಲ್ಲಿ ಮೇಲ್ವಿಚಾರಕರು. ಮದುವೆಯಾಗಿರಲಿಲ್ಲ. ನಾನು ದಿನವೂ ಮೆಟ್ರೋ ಹಿಡಿದು ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿಗೆ ಹೋಗಿಬರುತ್ತಿದ್ದೆ. ಟೈ ಕಟ್ಟಿಕೊಂಡು ಹೋದರೂ ಹೆಂಡತಿಯನ್ನು ಕರೆಸಿಕೊಳ್ಳುವಷ್ಟು ಸಂಬಳ ಇರಲಿಲ್ಲ.

ಹಾಗಾಗಿ ನಮಗೆ ಶುಕ್ರವಾರವೇ ಹಬ್ಬ. ಬೆಳಿಗ್ಗೆ ಅಣ್ಣನ ಅಡುಗೆ, ಆಮೇಲೆ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಊರಿಗೆ ಫೋನು. ನನ್ನ ಪಾಲಿಗೆ ಬಂದದ್ದು ಬಾಲ್ಕನಿ. ಹೆಂಡತಿ ಬೇಗ ಮನೆಗೆಲಸ ಮುಗಿಸಿ, ಮಗಳನ್ನು ಶಾಲೆಗೆ ಕಳಿಸಿ, ಕಾದು ಕೂತಿರುತ್ತಿದ್ದಳು. ನಮ್ಮ ಸಂಸಾರ ಎಂಬುದೆಲ್ಲ ನಡೆಯುತ್ತಿದ್ದದ್ದು ಆ ಒಂದು ಗಂಟೆಯಲ್ಲಿ. ಜಗಳ ಕೂಡ ಅದರೊಳಗೇ ಮುಗಿಯಬೇಕಿತ್ತು.

ಆ ವರ್ಷ ಊರಿನಲ್ಲಿ ಅಣ್ಣನ ಪಕ್ಷ ಒಂದು ಹೊಸ ಕ್ರಮ ತಂದಿತು. ವಿಧಾನಸಭೆಯ ಟಿಕೆಟ್ ಯಾರಿಗೆ ಎಂಬುದನ್ನು ಮೇಲಿನವರು ಹೇಳುವುದಿಲ್ಲ, ಕ್ಷೇತ್ರದ ಸದಸ್ಯರೇ ಮೊದಲು ತಮ್ಮೊಳಗೆ ಮತ ಹಾಕಿ ಆರಿಸಲಿ ಎಂದಿತು. ಅಣ್ಣನಿಗೆ ಹುರುಪು ಬಂತು. ಗಲ್ಫಿನವರ ಮನೆಗಳ ಕಷ್ಟ ಯಾವ ಪಕ್ಷಕ್ಕೂ ಗೊತ್ತಿಲ್ಲ, ತಾನು ಹೇಳುತ್ತೇನೆ ಎಂದು ದೀರ್ಘ ರಜೆ ಹಾಕಿ ಹೊರಟರು. ಆರು ತಿಂಗಳು ದಾಟಿದರೆ ಇಲ್ಲಿನ ವೀಸಾ ಖಲಾಸ್. ಅದರೊಳಗೆ ಸೋತು ಬರುತ್ತಾರೆ ಎಂದು ನಾವು ಅವರ ಮಂಚದ ಮೇಲೆ ಬೇರೆಯವರನ್ನು ಮಲಗಿಸದೆ ಕಾದೆವು.

ಅಲ್ಲಿ ಅವರು ಮಾಡಿದ ತಪ್ಪನ್ನು ಗಲ್ಫಿನಲ್ಲಿ ಬಾಳಿದವನು ಮಾತ್ರ ಮಾಡಲು ಸಾಧ್ಯ. ತಮ್ಮ ದೊಡ್ಡ ಸಭೆಯನ್ನು ಅವರು ಶುಕ್ರವಾರ ಬೆಳಿಗ್ಗೆ ಕರೆದರು! ಇಷ್ಟು ವರ್ಷ ಶುಕ್ರವಾರವೇ ರಜೆಯಾದ ಮನುಷ್ಯನಿಗೆ ಊರಿನಲ್ಲಿ ಅದು ಕೆಲಸದ ದಿನ ಎಂಬುದೇ ಮರೆತುಹೋಗಿತ್ತು. ಪಕ್ಷದ ಗಂಡಸರು ಅಂಗಡಿಗೆ, ಬೋಟಿಗೆ, ಆಫೀಸಿಗೆ ಹೋಗಿದ್ದರು. ಸಭೆಯ ಹಾಲಿಗೆ ಬಂದವರು ನಮ್ಮಂಥವರ ಹೆಂಡತಿಯರು. ಶುಕ್ರವಾರ ಬೆಳಿಗ್ಗೆ ಬಿಡುವು ಮಾಡಿಕೊಂಡು ಫೋನು ಹಿಡಿದು ಕೂರುವ ಅಭ್ಯಾಸ ಇದ್ದದ್ದು ಅವರಿಗೆ ಮಾತ್ರ. ಅಣ್ಣ ನಮ್ಮ ಸುದ್ದಿ ಹೇಳುತ್ತಾರೆಂದು ಫೋನಿನ ಸಮೇತ ಬಂದಿದ್ದರು.

ನನ್ನ ಹೆಂಡತಿ ನನ್ನ ಕರೆಯನ್ನು ಅಲ್ಲೇ ತೆಗೆದಳು. "ಗಂಡಸರು ಒಬ್ಬರೂ ಇಲ್ಲ. ಹಾಗಾಗಿ ನಾವೇ ಮಾತಾಡುವುದು," ಎಂದಳು. ಒಬ್ಬಳು ನೀರಿನ ಬಗ್ಗೆ ಕೇಳುತ್ತಿದ್ದಳು, ಇನ್ನೊಬ್ಬಳು ತಮ್ಮನಿಗೆ ಮೋಸ ಮಾಡಿದ ವೀಸಾ ಏಜೆಂಟನ ಜನ್ಮ ಜಾಲಾಡುತ್ತಿದ್ದಳು. ನಾನು ಬಾಲ್ಕನಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಅವರಲ್ಲಿ ಒಬ್ಬಳೂ ಪಕ್ಷದ ಸದಸ್ಯೆಯಲ್ಲ, ಒಬ್ಬಳಿಗೂ ಮತವಿಲ್ಲ.

ಅಣ್ಣ ಹೀನಾಯವಾಗಿ ಸೋತರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾವು ಅಂಜಲ್ ಮೀನು ತಂದು ಕೆಟ್ಟದಾಗಿ ಹುರಿದು ತಿಂದು ಸಂಭ್ರಮಿಸಿದೆವು. ಇನ್ನು ವಾರದಲ್ಲಿ ಬಂದೇ ಬರುತ್ತಾರೆ ಎಂದುಕೊಂಡೆವು.

ಬರಲಿಲ್ಲ. ಟಿಕೆಟ್ ಗೆದ್ದವರು ಬೆಂಬಲ ಕೇಳಿಕೊಂಡು ಅಣ್ಣನ ಮನೆಗೆ ಬಂದಿದ್ದರಂತೆ. ಆ ಹೆಂಗಸರನ್ನೆಲ್ಲ ಸದಸ್ಯರನ್ನಾಗಿ ಮಾಡಿ, ಶುಕ್ರವಾರದ ಸಭೆ ವಾರ ವಾರ ನಡೆಯಲಿ, ಆಗ ನಾನು ನಿಮ್ಮ ಜೊತೆ ಎಂದು ಅಣ್ಣ ಹೇಳಿದರಂತೆ. ಗೆದ್ದವರಿಗೆ ಅದರಲ್ಲಿ ಹೋಗುವ ಗಂಟೇನೂ ಕಾಣಲಿಲ್ಲ, ಒಪ್ಪಿದರು. ಮುಂದೆ ಅವರು ನಿಜವಾದ ಚುನಾವಣೆಯಲ್ಲಿ ಸೋತು ಮನೆ ಸೇರಿದರು. ಸಭೆ ಮಾತ್ರ ನಿಲ್ಲಲಿಲ್ಲ. ಗೆದ್ದವ ಸೋತ, ಸೋತವ ಸತ್ತ ಎಂಬುದು ಕೋರ್ಟಿನ ಮಾತು. ನಮ್ಮ ಅಣ್ಣ ಸೋತು ಸುಮ್ಮನೆ ಕೂರುವ ಜಾತಿಯಲ್ಲ.

ನನ್ನ ಶುಕ್ರವಾರ ಹೋಯಿತು. ಫೋನು ಮಾಡಿದರೆ ಹೆಂಡತಿ, "ಸಭೆಯಲ್ಲಿದ್ದೇನೆ, ಆಮೇಲೆ ಮಾಡ್ತೇನೆ," ಎಂದು ಪಿಸುಗುಟ್ಟಿ ಇಟ್ಟುಬಿಡುತ್ತಿದ್ದಳು. ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಹೆಚ್ಚಾಗಿ, ಆ ಹಾಲಿನ ಹಿಂದಿನ ಕುರ್ಚಿಯೊಂದರಲ್ಲಿ ಹೋಗಿ ಕೂರಬೇಕು ಅನ್ನಿಸುತ್ತಿತ್ತು. ವೀಸಾ ಮುಗಿಯಲು ಸ್ವಲ್ಪವೇ ದಿನ ಇದ್ದಾಗ ನಾನು ಅಣ್ಣನಿಗೆ ಫೋನು ಮಾಡಿ ಬೇಡಿಕೊಂಡೆ. "ನೀವಿಲ್ಲದೆ ಇಲ್ಲಿ ಆಗುವುದಿಲ್ಲ ಅಣ್ಣ. ಬಂದುಬಿಡಿ."

"ಇವರನ್ನು ಒಳಗೆ ಕರೆದವನು ನಾನು. ನಡುವೆ ಬಿಟ್ಟು ಬಂದರೆ ನಾಳೆ ಬಾಗಿಲು ಹಾಕಿಬಿಡ್ತಾರೆ ಮಾರಾಯ," ಎಂದರು.

ವೀಸಾ ಮುಗಿಯಿತು. ಅಣ್ಣನ ಜಾಗಕ್ಕೆ ಬೇರೊಬ್ಬರು ಬಂದರು. ಒಳ್ಳೆಯವರೇ, ಆದರೆ ನಾನು ಅವರೊಂದಿಗೆ ಹೆಚ್ಚು ಮಾತಾಡಲಿಲ್ಲ.

ತಾಲೂಕು ಪಂಚಾಯತಿ ಚುನಾವಣೆ ಬಂದಾಗ ನಮ್ಮ ಭಾಗದ ಟಿಕೆಟ್‌ಗಳಲ್ಲಿ ಹೆಚ್ಚಿನವು ಆ ಹಾಲಿನಿಂದ ಬಂದ ಹೆಂಗಸರಿಗೇ ಸಿಕ್ಕಿದವು. ಒಂದು ನನ್ನ ಹೆಂಡತಿಗೆ. ನಾಮಪತ್ರ ಸಲ್ಲಿಸಲು ಹೋಗುವಾಗ ಅವಳೇ ಫೋನು ಮಾಡಿದಳು. ಆಫೀಸಿನ ಕಾರಿಡಾರಿನಲ್ಲಿ ನಿಂತು ತೆಗೆದೆ. "ಹೆದರಿಕೆ ಆಗ್ತಾ ಉಂಟು," ಎಂದಳು. "ಹೆದರಬೇಡ," ಎಂದೆ. ಪಕ್ಕದಲ್ಲಿ ನಿಂತು ಹೇಳಬೇಕಾದ ಮಾತನ್ನು ಸಮುದ್ರದ ಆಚೆಯಿಂದ ಹೇಳಿದರೆ ಎಷ್ಟು ಬಲ ಬಂದೀತು?

ಅವಳು ಫೋನನ್ನು ಅಣ್ಣನ ಕೈಗೆ ಕೊಟ್ಟು ಒಳಗೆ ಹೋದಳು. ನಾನು ಹಳೆಯದನ್ನೇ ತೆಗೆದೆ. "ನೀವು ಇನ್ನು ಬರುವುದೇ ಇಲ್ಲವಾ ಅಣ್ಣ?"

"ನಾನು ಬರುವುದು ಬಿಡು. ನೀನು ಯಾವಾಗ ಬರುವುದು?"

"ಬರುವ ವರ್ಷ," ಎಂದೆ.

ಗಲ್ಫಿನ ಆ ಉತ್ತರ ಅವರಿಗೆ ತಿಳಿಯದ್ದಲ್ಲ. ತಾವೂ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ಬಂದವರು. "ವೋಟಿಗಾದರೂ ಬಾ ಮಾರಾಯ, ಅವಳಿಗೆ ನಿನ್ನದೊಂದು ಬೀಳಲಿ," ಎಂದರು.

ರಜೆ ಸಿಗಲಿಲ್ಲ. ನನ್ನ ಹೆಂಡತಿ ನನ್ನ ಮತವಿಲ್ಲದೆಯೇ ಗೆದ್ದಳು.