ಅಳಿಸದೆ ಸರಿಮಾಡುವ ಉಚ್ಚಂಗೆಮ್ಮ

ಬೆಳಗಿನ ಆರು ಗಂಟೆ. ಕೊಟ್ಟೂರಿನಿಂದ ಹಡಗಲಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಉಚ್ಚಂಗೆಮ್ಮ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, ಇನ್ನೊಂದಕ್ಕೆ ಫೋನ್ ಒತ್ತಿ ಹಿಡಿದಿದ್ದಾರೆ. ಆ ಕಡೆ ಮಾತಾಡುತ್ತಿರುವವರು ಮಾಗಳದ ಗುರುಸಂಗಪ್ಪ. ಊರಿನಲ್ಲಿ ಪುಟ್ಟ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಜನರ ಅರ್ಜಿ ತುಂಬಿಕೊಡುವವರು. ಹಿಂದಿನ ದಿನ ಅಂಗಡಿ ಮುಚ್ಚುವಾಗ ಅವರ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಆಗಿದೆ. ಬೆಳಿಗ್ಗೆ ಬಂದು ಬ್ರೌಸರ್ ತೆರೆದರೆ ನಿಲ್ಲುತ್ತಿಲ್ಲ, ತೆರೆದಷ್ಟು ಸಲವೂ ಮುಚ್ಚಿಕೊಳ್ಳುತ್ತಿದೆ.

“ಮುಚ್ಚಾಕ ಎಷ್ಟೊತ್ತು ಹಿಡಿತೈತಿ? ಎಣಿಸಿ ಹೇಳ್ರಿ ಅಣ್ಣಾರ,” ಎನ್ನುತ್ತಾರೆ ಉಚ್ಚಂಗೆಮ್ಮ. ಗುರುಸಂಗಪ್ಪ ಎಣಿಸುವುದು ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತದೆ. ಎಂಟಕ್ಕೆ ನಿಲ್ಲುತ್ತದೆ. ಇನ್ನೊಮ್ಮೆ ಎಣಿಸುತ್ತಾರೆ, ಮತ್ತೆ ಎಂಟು. ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡಿಬಿಡು, ಅರ್ಧ ದಿನದ ಕೆಲಸ ಎಂದು ಯಾರೋ ಸಲಹೆ ಕೊಟ್ಟಿದ್ದಾರಂತೆ. ಮಾಡಲೇ ಎಂದು ಕೇಳುತ್ತಿದ್ದಾರೆ.

“ಬ್ಯಾಡ. ನಾ ಬರೋಮಟ ಏನೂ ಒತ್ತಬ್ಯಾಡ್ರಿ. ಮೌಸ್ ಸೈತ ಮುಟ್ಟಬ್ಯಾಡ್ರಿ.”

ನಲವತ್ತೊಂದು ವರ್ಷದ ಉಚ್ಚಂಗೆಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕು ಸುತ್ತಿ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಸ್ವಂತ ಅಂಗಡಿ ಇಲ್ಲ. ಹೆಗಲ ಚೀಲದಲ್ಲಿ ನಾಲ್ಕು ಸ್ಕ್ರೂಡ್ರೈವರ್, ಪೇಂಟಿಂಗ್ ಬ್ರಷ್, ಒಂದು ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್‌ಗಳ ಡಬ್ಬಿ, ಮಧ್ಯಾಹ್ನದ ರೊಟ್ಟಿ. ದಿನಕ್ಕೆ ಮೂರು ಊರು, ಐದಾರು ಬಸ್ಸು. ಸೋಮವಾರ ಬಂದರೆ ಫೋನ್ ಇನ್ನೂ ಹೆಚ್ಚು. ಅಪ್‌ಡೇಟ್ ಆದ ವಾರವಂತೂ ಊಟಕ್ಕೂ ಪುರಸೊತ್ತಿರುವುದಿಲ್ಲ.

ತಂದೆ ಸುಂಕಪ್ಪ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವರು. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟ ಮೇಲೆ ಉಚ್ಚಂಗೆಮ್ಮ ಸೇರಿದ್ದು ಪೇಟೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ, ಕಸ ಗುಡಿಸುವ ಕೆಲಸಕ್ಕೆ. ಅಲ್ಲಿನ ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಒಂದು ಕಂಪ್ಯೂಟರ್ ಪೆಟ್ಟಿಗೆಯನ್ನು ಒಂದು ದಿನ ಬಿಚ್ಚಿ ಧೂಳು ಹೊಡೆದರು. ಒಳಗೆ ನೆನಪಿನ ಚಿಪ್‌ಗಳಿದ್ದ ಹಸಿರು ಪಟ್ಟಿಯನ್ನು ತೆಗೆದು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದರು. ಕಂಪ್ಯೂಟರ್ ಎದ್ದು ಕೂತಿತು. ಮಾಸ್ತರರು ಬೆರಗಾಗಿ, ನಾಳೆಯಿಂದ ಪೊರಕೆಯ ಜೊತೆ ಸ್ಕ್ರೂಡ್ರೈವರನ್ನೂ ಹಿಡಿ ಎಂದರಂತೆ. ಕೇಂದ್ರ ಮುಚ್ಚಿದಾಗ ಉಚ್ಚಂಗೆಮ್ಮನವರ ಕೈಯಲ್ಲಿ ಉಳಿದದ್ದು ಸ್ಕ್ರೂಡ್ರೈವರ್ ಮಾತ್ರ.

ಮೊದಮೊದಲು ಬಾಗಿಲಲ್ಲಿ ನಿಂತ ಇವರನ್ನು ನೋಡಿ, ರಿಪೇರಿಯವನು ಎಲ್ಲಿ ಎಂದು ಕೇಳುತ್ತಿದ್ದರು. ಒಂದು ಊರಿನಲ್ಲಿ ಇವರ ಕೇರಿ ಯಾವುದೆಂದು ವಿಚಾರಿಸಿಕೊಂಡು, ಕಂಪ್ಯೂಟರನ್ನೇ ಹೊರಗಿನ ಕಟ್ಟೆಗೆ ಹೊತ್ತು ತಂದಿಟ್ಟರು. ಅದನ್ನು ಕೇಳಿದರೆ ಉಚ್ಚಂಗೆಮ್ಮ ಕಿಟಕಿಯ ಆಚೆ ನೋಡುತ್ತಾರೆ. “ಹೊರಗ ಬೆಳಕು ಚಲೋ ಇತ್ತು, ಬಿಡ್ರಿ,” ಎಂದಷ್ಟೇ ಹೇಳುತ್ತಾರೆ.

ಫಾರ್ಮ್ಯಾಟ್ ಎಂಬ ಮಾತಿಗೆ ಯಾಕಷ್ಟು ಗಾಬರಿ ಎಂದು ಕೇಳಿದಾಗ ಅವರು ಹಳೆಯ ಒಂದು ಘಟನೆ ಹೇಳಿದರು.

ಹನ್ನೊಂದು ವರ್ಷದ ಹಿಂದಿನ ಮಾತು. ಹಗರಿಬೊಮ್ಮನಹಳ್ಳಿಯ ನಿವೃತ್ತ ಶಿಕ್ಷಕಿ ಶಾಂತಕುಮಾರಿ ಅವರ ಕಂಪ್ಯೂಟರ್‌ಗೆ ವೈರಸ್ ಹೊಕ್ಕಿತ್ತು. ಇವರು ಹೋಗಿ, ಯಾರನ್ನೂ ಕೇಳದೆ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟು ಬಂದರು. ಆ ಕಂಪ್ಯೂಟರಿನಲ್ಲಿ ನೂರಾ ಹನ್ನೆರಡು ಹಾಡುಗಳಿದ್ದವು. ಹಳ್ಳಿಹಳ್ಳಿಯ ಮುದುಕಿಯರ ಮುಂದೆ ಕೂತು ಶಾಂತಕುಮಾರಿ ವರ್ಷಗಟ್ಟಲೆ ಧ್ವನಿಮುದ್ರಿಸಿಕೊಂಡಿದ್ದ ಬೀಸುವ ಪದ, ಸೋಬಾನೆ ಪದ. ಬೇರೆಲ್ಲೂ ಪ್ರತಿ ಇರಲಿಲ್ಲ. ಹಾಡಿದವರಲ್ಲಿ ಎಷ್ಟೋ ಜನ ಆಗಲೇ ತೀರಿಕೊಂಡಿದ್ದರು.

“ಟೀಚರ್ ಬೈದಿದ್ರ ನನಗ ಹಗುರ ಆಕ್ಕಿತ್ತು. ಅವ್ರು ಬೈಲಿಲ್ರಿ. ಒಂದು ಹಾಳಿ ತಗಂಡು, ಹಾಡಿದೋರಾಗ ಯಾರ್ಯಾರು ಇನ್ನಾ ಬದುಕ್ಯಾರ ಅಂತ ಬರಿಯಾಕ ಕುಂತ್ರು,” ಎನ್ನುತ್ತಾರೆ.

ಆಮೇಲೆ ಎರಡು ವರ್ಷ, ಭಾನುವಾರ ಬಂತೆಂದರೆ ಉಚ್ಚಂಗೆಮ್ಮ ಕೆಲಸ ಹಿಡಿಯಲಿಲ್ಲ. ಟೀಚರ್ ಜೊತೆ ಉಜ್ಜಿನಿಗೆ, ಹರಪನಹಳ್ಳಿ ಕಡೆಯ ಅರಸೀಕೆರೆಗೆ, ಹೊಳೆದಂಡೆಯ ಊರುಗಳಿಗೆ ಹೋದರು. ಹಾಡು ಮರೆತ ಅಜ್ಜಿಯರಿಗೆ ಮೊದಲ ಸಾಲು ನೆನಪಿಸಿ, ಮುಂದಿನದು ಬರುವವರೆಗೂ ಕಾದರು. ನಲವತ್ತಮೂರು ಹಾಡು ಮರಳಿ ಸಿಕ್ಕವು. ಅರವತ್ತೊಂಬತ್ತು ಸಿಗಲಿಲ್ಲ. ಶಾಂತಕುಮಾರಿ ಈಗಲೂ ಅವರನ್ನು ಮನೆಗೆ ಕರೆದು ಚಹಾ ಕೊಡುತ್ತಾರೆ. ಉಚ್ಚಂಗೆಮ್ಮ ಮಾತ್ರ ಅಂದಿನಿಂದ ಯಾವ ಯಂತ್ರವನ್ನೂ, ಒಳಗೇನಿದೆ ಎಂದು ಕೇಳದೆ, ಪ್ರತಿ ತೆಗೆದಿಟ್ಟುಕೊಳ್ಳದೆ ಮುಟ್ಟಿಲ್ಲ.

ಹಡಗಲಿಯಲ್ಲಿ ಬಸ್ ಬದಲಿಸಿ ಮಾಗಳ ಮುಟ್ಟುವಾಗ ಎಂಟೂವರೆ. ಅಂಗಡಿ ಮುಂದೆ ಹದಿನೈದಿಪ್ಪತ್ತು ಜನ ನಿಂತಿದ್ದಾರೆ. ಎಲ್ಲರಿಗಿಂತ ಮುಂದೆ, ಪ್ಲಾಸ್ಟಿಕ್ ಕವರ್ ಎದೆಗೊತ್ತಿಕೊಂಡು ನಿಂತವರು ಅಂಜಿನಕ್ಕ. ಊರಿನ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಲು ಇವತ್ತೇ ಕೊನೆಯ ದಿನ. ಇನ್ನೊಮ್ಮೆ ಕರೆಯುವ ಹೊತ್ತಿಗೆ ಇವರ ವಯಸ್ಸು ಮೀರಿರುತ್ತದೆ.

ಇದೇ ಅಂಗಡಿಯಲ್ಲಿ ಅರ್ಜಿ ತುಂಬಿ ಆಗಿತ್ತು. ಸಹಿಯ ಚಿತ್ರ ಸೇರಿಸಿ ಕಳಿಸುವುದಷ್ಟೇ ಬಾಕಿ. ಬೇರೆ ಅಂಗಡಿಯಲ್ಲಿ ಹೊಸದಾಗಿ ತುಂಬೋಣವೆಂದರೆ, ನಿಮ್ಮ ಹೆಸರು ಆಗಲೇ ನೋಂದಣಿಯಾಗಿದೆ ಎನ್ನುತ್ತದೆ ವೆಬ್‌ಸೈಟ್. ಹಳೆಯದನ್ನು ತೆರೆಯಲು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇರುವುದು ಗುರುಸಂಗಪ್ಪನವರ ಬ್ರೌಸರಿನ ನೆನಪಿನಲ್ಲಿ ಮಾತ್ರ, ಎಲ್ಲೂ ಬರೆದಿಟ್ಟಿಲ್ಲ. ಹೊಸದು ತರಿಸಿಕೊಳ್ಳೋಣವೆಂದರೆ ನೋಂದಣಿಗೆ ಕೊಟ್ಟ ಫೋನ್ ನಂಬರ್ ಬಂದ್ ಆಗಿ ವಾರವಾಗಿದೆ. ಬೆಳಿಗ್ಗೆ ಫಾರ್ಮ್ಯಾಟ್ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಅರ್ಥವಾದಾಗ ಗುರುಸಂಗಪ್ಪ ಸ್ಟೂಲನ್ನು ಉಚ್ಚಂಗೆಮ್ಮನವರಿಗೆ ಬಿಟ್ಟುಕೊಟ್ಟು ಹಿಂದೆ ಸರಿಯುತ್ತಾರೆ.

ಉಚ್ಚಂಗೆಮ್ಮ ಮೊದಲು ಬ್ರೌಸರಿನ ನೆನಪಿನ ಕಡತವನ್ನು ತಮ್ಮ ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿಕೊಳ್ಳುತ್ತಾರೆ. ಆಮೇಲೆ ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ, ಅಂದರೆ ತೀರಾ ಅಗತ್ಯದ ಭಾಗಗಳನ್ನಷ್ಟೇ ಎಬ್ಬಿಸಿ ಚಾಲೂ ಮಾಡುತ್ತಾರೆ. ಇಂಟರ್ನೆಟ್ ಬರುವುದಿಲ್ಲ. ಆದರೆ ಬ್ರೌಸರ್ ತೆರೆದದ್ದು ಮುಚ್ಚುವುದಿಲ್ಲ. ಎಣಿಕೆ ಎಂಟಾಗುತ್ತದೆ, ಮೂವತ್ತಾಗುತ್ತದೆ, ಬ್ರೌಸರ್ ನಿಂತೇ ಇದೆ.

“ತಪ್ಪು ಬ್ರೌಸರಿಂದಲ್ಲ ಅಣ್ಣಾರ. ಅದನ್ನ ಯಾರೋ ಕೆಡವಾಕತ್ಯಾರ,” ಎನ್ನುತ್ತಾರೆ. ಕಂಪ್ಯೂಟರ್ ತನ್ನ ಎಡವಟ್ಟುಗಳನ್ನೆಲ್ಲ ದಾಖಲಿಸಿಡುವ ಪಟ್ಟಿಯನ್ನು ತೆರೆದು ಬೆರಳಿಟ್ಟು ಓದುತ್ತಾರೆ. ಬ್ರೌಸರ್ ಬಿದ್ದ ಪ್ರತಿ ಸಲವೂ ಅದರ ಪಕ್ಕ ಒಂದೇ ಹೆಸರು. ಪರದೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶ, ಇವರ ಭಾಷೆಯಲ್ಲಿ ಡ್ರೈವರ್. ಅಪ್‌ಡೇಟ್ ಬಂದು ಹಳೆಯ ಡ್ರೈವರ್ ತೆಗೆದು ಹೊಸದನ್ನು ಕೂರಿಸಿದೆ. ಎಂಟು ವರ್ಷದ ಈ ಯಂತ್ರಕ್ಕೆ ಅದು ಒಗ್ಗುತ್ತಿಲ್ಲ. ಹಳೆಯದಕ್ಕೆ ಮರಳುವ ಗುಂಡಿ ಒತ್ತಲು ನೋಡಿದರೆ ಅದು ಮಂಕಾಗಿದೆ, ಒತ್ತಿದರೂ ಕೆಲಸ ಮಾಡುವುದಿಲ್ಲ. ಹಳೆಯದರ ಕುರುಹೇ ಉಳಿದಿಲ್ಲ.

ಆಗ ಅವರು ಪೆನ್‌ಡ್ರೈವ್‌ಗಳ ಡಬ್ಬಿ ತೆಗೆಯುತ್ತಾರೆ. ತಾವು ರಿಪೇರಿ ಮಾಡಿದ ಪ್ರತಿ ಯಂತ್ರದ ಡ್ರೈವರುಗಳ ಪ್ರತಿ ಅದರಲ್ಲಿದೆ, ಊರಿನ ಹೆಸರು ಬರೆದ ಚೀಟಿ ಸಮೇತ. ಮಾಗಳದ್ದನ್ನು ಹುಡುಕಿ ಹಾಕಿ, ಕಂಪ್ಯೂಟರನ್ನು ಮಾಮೂಲಿನಂತೆ ಮತ್ತೆ ಚಾಲೂ ಮಾಡುತ್ತಾರೆ. ಪರದೆ ಕಪ್ಪಾಗುತ್ತದೆ. ಅರ್ಧ ನಿಮಿಷ ಕಳೆದರೂ ಬೆಳಕು ಬರುವುದಿಲ್ಲ. ಅಂಜಿನಕ್ಕ ಕವರನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಉಚ್ಚಂಗೆಮ್ಮ ಮಾತ್ರ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಾರೆ.

ಪರದೆ ಬೆಳಗುತ್ತದೆ. ಬ್ರೌಸರ್ ತೆರೆಯುತ್ತದೆ. ಗುರುಸಂಗಪ್ಪ ಬಾಯಲ್ಲೇ ಎಣಿಸುತ್ತಾ ಎಂಟು ದಾಟುತ್ತಾರೆ, ನೂರರ ಹತ್ತಿರ ಬಂದು ಎಣಿಕೆ ಬಿಡುತ್ತಾರೆ. ಪಾಸ್‌ವರ್ಡ್ ಇರಬೇಕಾದ ಜಾಗದಲ್ಲಿ ಚುಕ್ಕಿಗಳು ಸಾಲಾಗಿ ಕೂತಿವೆ. ಹತ್ತೂ ಇಪ್ಪತ್ತಕ್ಕೆ ಅಂಜಿನಕ್ಕನ ಅರ್ಜಿ ಹೋಗುತ್ತದೆ. ಪ್ರಿಂಟರಿನಿಂದ ಬಂದ ಬಿಸಿ ಹಾಳೆಯನ್ನು ಅವರು ಎರಡೂ ಕೈಯಲ್ಲಿ ಹಿಡಿದು, ಅರ್ಜಿ ಸಂಖ್ಯೆಯನ್ನು ಒಂದೊಂದೇ ಅಂಕಿ ಓದಿಕೊಳ್ಳುತ್ತಾರೆ. ಉಚ್ಚಂಗೆಮ್ಮ ಆ ಡ್ರೈವರ್ ಮತ್ತೆ ತಾನಾಗಿ ಬದಲಾಗದಂತೆ ತಡೆದು, ಪಾಸ್‌ವರ್ಡುಗಳನ್ನು ಇವತ್ತೇ ಒಂದು ಪುಸ್ತಕದಲ್ಲಿ ಬರೆದು ಬೀಗ ಹಾಕಿಡಿ ಎಂದು ಗುರುಸಂಗಪ್ಪನವರಿಗೆ ಹೇಳಿ ಚೀಲ ಹೆಗಲಿಗೇರಿಸುತ್ತಾರೆ. ಹರಪನಹಳ್ಳಿಯಿಂದ ಆಗಲೇ ಎರಡು ಫೋನ್ ಬಂದಿವೆ.

ಹೊರಟವರನ್ನು ಅಂಜಿನಕ್ಕ ತಡೆಯುತ್ತಾರೆ. “ಅಕ್ಕಾ, ಅದಕ್ಕ ಏನಾಗಿತ್ತು?” ಎನ್ನುತ್ತಾರೆ.

ಉಚ್ಚಂಗೆಮ್ಮ ಚೀಲ ಕೆಳಗಿಟ್ಟು ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಾರೆ. ಬಸ್ ಟಿಕೆಟಿನ ಹಿಂದೆ ಗೆರೆ ಎಳೆದು, ಪರದೆ ಇಲ್ಲಿ, ಡ್ರೈವರ್ ಇಲ್ಲಿ, ಬ್ರೌಸರ್ ಇಲ್ಲಿ ಎಂದು ತೋರಿಸುತ್ತಾರೆ. ಅಂಜಿನಕ್ಕ ಪ್ರಶ್ನೆ ಕೇಳುತ್ತಾರೆ, ಇವರು ಮತ್ತೊಂದು ಗೆರೆ ಎಳೆಯುತ್ತಾರೆ. ಅಷ್ಟರಲ್ಲಿ ಹಡಗಲಿ ಬಸ್ ಹೋಗಿಬಿಡುತ್ತದೆ. ಇಬ್ಬರೂ ತಲೆ ಎತ್ತಿ ನೋಡುವುದಿಲ್ಲ.

ಮುಂದಿನ ಬಸ್ಸಿಗೆ ಕಾಯುತ್ತಾ, ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಕೇಳಿದೆ. ಅಂಗಡಿಯೋ ಸ್ಕೂಟರೋ ಹೇಳಬಹುದು ಎಂದುಕೊಂಡಿದ್ದೆ.

“ಇಪ್ಪತ್ತು ವರ್ಷ ಆತು ನೋಡ್ರಿ. ಕೆಲಸ ಮುಗದ ಮ್ಯಾಲೆ ಎಲ್ರೂ ‘ಆತಾ?’ ಅಂತ ಕೇಳ್ತಾರ. ‘ಏನಾಗಿತ್ತು?’ ಅಂತ ಕೇಳಿದಾಕಿ ಅಕಿ ಒಬ್ಬಾಕಿ. ಹಂಗ ಕೇಳೋರು ವರ್ಷಕ್ಕ ಒಬ್ರು ಸಿಕ್ರ ಸಾಕ್ರಿ ನನಗ.”